ಸಿಮಿಕೋಟ್ – ಹಿಲ್ಸಾ: ದೂರ ಮತ್ತು ಹಾರಾಟದ ಅವಧಿ

ನೇಪಾಳದ ಮೂಲಕ ಕೈಲಾಸ ಮಾನಸ ಸರೋವರಕ್ಕೆ ತೆರಳುವ ಯಾತ್ರಾರ್ಥಿಗಳು ನೇಪಾಳಗಂಜ್‌ನಿಂದ ಸಣ್ಣ ವಿಮಾನದಲ್ಲಿ ಹುಮ್ಲಾ ಜಿಲ್ಲೆಯ ಸಿಮಿಕೋಟ್ ತಲುಪಿ, ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಟಿಬೆಟ್ ಗಡಿಯ ಹಿಲ್ಸಾಕ್ಕೆ ಹೋಗುವುದು ರೂಢಿ. ಇವೆರಡರ ನಡುವಿನ ನೇರ ಅಂತರ ಸುಮಾರು 50 ಕಿ.ಮೀ.; ಹಾರಾಟದ ಅವಧಿ 20ರಿಂದ 25 ನಿಮಿಷ. ಕರ್ಣಾಲಿ ಕಣಿವೆಯ ಕಾಲುದಾರಿಯಲ್ಲಿ ನಾಲ್ಕೈದು ದಿನ ಬೇಕಾಗುತ್ತದೆ.

ಆದರೆ ಹಾರಾಟದ ಅವಧಿಯನ್ನೇ ಪ್ರಯಾಣದ ಅವಧಿಯೆಂದು ಭಾವಿಸತಕ್ಕದ್ದಲ್ಲ. ಕಣಿವೆಯಲ್ಲಿ ಮೋಡ ಕವಿದಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ. 2018ರ ಜುಲೈನಲ್ಲಿ ಪ್ರತಿಕೂಲ ಹವಾಮಾನದಿಂದಾಗಿ ಸಿಮಿಕೋಟ್, ಹಿಲ್ಸಾ ಹಾಗೂ ಟಿಬೆಟ್ ಭಾಗದಲ್ಲಿ 1,500ಕ್ಕೂ ಹೆಚ್ಚು ಭಾರತೀಯರು ಸಿಲುಕಿದ್ದರು. ಅವರಲ್ಲಿ ಕರ್ನಾಟಕದ ಯಾತ್ರಾರ್ಥಿಗಳೂ ಇದ್ದರು. ಹಿಲ್ಸಾದಲ್ಲಿ ವಸತಿ ಹಾಗೂ ವೈದ್ಯಕೀಯ ಸೌಲಭ್ಯ ಅತ್ಯಲ್ಪ. ಆದುದರಿಂದ ಅರ್ಜಿದಾರರು, ವಿಶೇಷವಾಗಿ ಹಿರಿಯ ನಾಗರಿಕರು, ನಿತ್ಯದ ಔಷಧಿಗಳನ್ನು ಹೆಚ್ಚುವರಿ ದಿನಗಳಿಗೆ ಸಾಲುವಷ್ಟು ತಮ್ಮ ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ಯಾತ್ರೆ ಮುಗಿಯುವ ಮರುದಿನಕ್ಕೇ ಊರಿಗೆ ಮರಳುವ ಟಿಕೆಟ್ ಕಾಯ್ದಿರಿಸುವುದು ಸೂಕ್ತವಲ್ಲ.