ಹಿಮ್ಮಡಿಯ ಒಡಕೂ ಮುರುಗಲ ತುಪ್ಪವೂ

ಹೋದ ವರ್ಷ ಮಾಗಿ ಚಳಿಯಲ್ಲಿ ಅತ್ತೆ ಹಿಮ್ಮಡಿ ಸುಟ್ಕಂಡ್ತು. ಬೆಂಕಿಯಲ್ಲಿ ಅಲ್ಲ, ಮುರುಗಲ ತುಪ್ಪದಲ್ಲಿ. ಯಾವಾಗಿನ ಹಂಗೇ ರಾತ್ರಿ ಊಟ ಆದ್ಮೇಲೆ ತುಪ್ಪದ ಉಂಡೆಯಿಂದ ಒಂದು ಚೂರು ಮುರಿದು ಚಮಚಕ್ಕೆ ಹಾಕಿ, ದೀಪದ ಕುಡಿಗೆ ಹಿಡಿದು ಕರಗಿಸಿ, ಒಡಕಿಗೆ ಹನಿ ಹನಿ ಬಿಟ್ಕಂಡಿದ್ದು. ಬಿಸಿ ತಾಗಿದ್ದು ಅದಕ್ಕೆ ಗೊತ್ತೇ ಆಜಿಲ್ಲೆ. ಬೆಳಗ್ಗೆ ಹಾಸಿಗೆ ಮಡಚಕ್ಕಿದ್ರೆ ಹೊದಿಕೆಗೆ ಒದ್ದೆ ಅಂಟಿದ್ದು ಕಂಡ್ತು. ಆನು ಕಾಲೆತ್ತಿ ನೋಡಿದಿ, ಗುಳ್ಳೆ ಎದ್ದು ಒಡೆದು ಹೋಗಿತ್ತು. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಕಾಲಿನ ಅರಿವು ಯಾವಾಗ ಹೋತು ಹೇಳಿ ಅತ್ತೆಗೂ ಗೊತ್ತಿಲ್ಲೆ, ಮನೆಯವಕ್ಕೂ ಗೊತ್ತಿಲ್ಲೆ. ಆ ಗಾಯ ಮಾಯಲೆ ಎರಡೂವರೆ ತಿಂಗಳು ಬೇಕಾತು.

"ಇಷ್ಟು ವರ್ಷ ಮಾಡಿದ್ದೇ ಮಾಡಿದ್ದು, ಈಗೆಂತ ಆತು?" ಹೇಳಿ ಅತ್ತೆ ಕೇಳ್ತಿತ್ತು. ಅತ್ತೆಗೆ ಅದರ ಅತ್ತೆ ಕಲಿಸಿದ್ದು, ಅವರಿಗೆ ಮತ್ತೊಬ್ಬ ಅತ್ತೆ. ಹಂಗಾದ್ರೆ ಈ ಕಾಲಾರೈಕೆ ಎಲ್ಲಿಂದ ಬಂತು ಹೇಳಿ ಆನು ಹುಡುಕಲೆ ಕೂತಿದ್ದೇ ಅವಾಗ. ಮುಖಕ್ಕೆ ಎಂತ ಹಚ್ಚವು, ಕೂದಲಿಗೆ ಎಂತ ಹಾಕವು ಹೇಳಿ ನಂಗ ಎಲ್ಲರೂ ಮಾತಾಡ್ತ್ಯ. ಕಾಲಿನ ಸುದ್ದಿ ಮಾತ್ರ ಬಚ್ಚಲ ಬಾಗಿಲಲ್ಲೇ ಮುಗೀತು.

ನಂಗಳ ಗುಡ್ನಾಪುರ ಹೇಳಿದ್ರೆ ಕೆರೆ. ಬನವಾಸಿಗೆ ಹೋಗವು ಗಾಡಿ ನಿಲ್ಲಿಸಿ ಬಂಗಾರೇಶ್ವರನಿಗೆ ಕೈಮುಗಿದು, ಕೆರೆ ನೋಡಿ ಫೋಟೋ ತೆಗೆದು ಹೋಗ್ತ. ಇಲ್ಲೇ ಸಿಕ್ಕಿದ ಕಂಬದ ಶಾಸನ ಕದಂಬರ ರವಿವರ್ಮನದು, ಸುಮಾರು 1500 ವರ್ಷ ಹಳೇದು. ಕಾಮದೇವನ ಗುಡಿ, ಅರಮನೆ, ನೃತ್ಯಶಾಲೆ ಎಲ್ಲ ಅದರಲ್ಲಿ ಬತ್ತು. ಕುಣಿಯವರ ಕಾಲಿಗೆ ಒಂದು ಶಾಲೆಯೇ ಇತ್ತು. ಕೆರೆ ಕೆಳಗಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ನೆಟ್ಟಿ ಮಾಡಿದವರ ಕಾಲಿನ ಬಗ್ಗೆ ಯಾರೂ ಕಲ್ಲಲ್ಲಿ ಕೆತ್ತಿಸಿದ್ದಿಲ್ಲೆ ಬಿಡಿ.

ಆದ್ರೆ ವೈದ್ಯರು ಬರೆದಿಟ್ಟಿದ್ದ. ಸುಶ್ರುತ ಸಂಹಿತೆಯಲ್ಲಿ ಸಣ್ಣಪುಟ್ಟ ರೋಗಗಳ ಅಧ್ಯಾಯ ಒಂದು ಇದ್ದು. ಅದರಲ್ಲಿ 'ಅಲಸ' ಹೇಳಿ ಒಂದು ರೋಗ: ಕೆಟ್ಟ ಕೆಸರು ತಾಗಿ ಬೆರಳ ಸಂದಿ ಒದ್ದೆಯಾಗಿ, ತುರಿಸಿ, ಉರಿದು ನೋಯದು. ಓದಿದ ಕೂಡಲೇ ಆನು ನಕ್ಕಿ. ಆಷಾಢದಲ್ಲಿ ನಂಗಕ್ಕೆ ಆಗೋ ಕೆಸರು ಹುಣ್ಣೇ ಅಲ್ದಾ ಇದು! ಅದರ ಪಕ್ಕದಲ್ಲೇ 'ಪಾದದಾರಿ'. ಬಹಳ ನಡೆಯವರ ಕಾಲು ಒಣಗಿ ಬಿರಿಯದು, ಅಂದ್ರೆ ಹಿಮ್ಮಡಿ ಒಡೆಯದು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ದಿನಾ ಎಣ್ಣೆ ಹಚ್ಕಳವು, ಅದರಲ್ಲೂ ತಲೆ, ಕಿವಿ, ಪಾದಕ್ಕೆ ಹೇಳಿ ವಾಗ್ಭಟ ಅಷ್ಟಾಂಗಹೃದಯದಲ್ಲಿ ಹೇಳಿದ್ದ. ಪಾದಕ್ಕೆ ಎಣ್ಣೆ ತಿಕ್ಕಿದ್ರೆ ಎಂತೆಂತ ಹೋಗ್ತು ಹೇಳಿ ಚರಕ ಸಂಹಿತೆಯಲ್ಲಿ ಪಟ್ಟಿಯೇ ಇದ್ದು: ಒರಟುತನ, ಬಿಗಿತ, ಒಣಕಲು, ದಣಿವು, ಮತ್ತೆ 'ಸುಪ್ತಿ'. ಸುಪ್ತಿ ಹೇಳಿದ್ರೆ ಜೋಮು, ಮರಗಟ್ಟದು. ಆ ಶಬ್ದದ ಹತ್ರ ಬಂದಾಗ ಆನು ಪುಸ್ತಕ ಮಡಚಿಟ್ಟು ಅತ್ತೆ ಕಾಲು ನೋಡಿದಿ. ಕಾಲಿನ ಅರಿವು ಹೋಪದು ಒಂದು ರೋಗ ಹೇಳಿ ಅವಾಗಲೇ ಲೆಕ್ಕಕ್ಕೆ ಹಿಡಿದಿದ್ದ. ನಂಗ 'ವಯಸ್ಸಾತು' ಹೇಳಿ ಬಿಟ್ಟಿದ್ಯ.

ಬೆರಳ ಸಂದಿಯ ತುರಿಕೆ ಬರೀ ತುರಿಕೆ ಅಲ್ಲ ಹೇಳದು ಗೊತ್ತಾಗಿದ್ದು ಬಹಳ ತಡ. 1898ರ ಸುಮಾರಿಗೆ ಈಜಿಪ್ಟಿನಲ್ಲಿ ಲೂಸ್ ಹೇಳೋ ವಿಜ್ಞಾನಿ ಕೊಕ್ಕೆಹುಳದ ಮರಿ ಇದ್ದ ನೀರನ್ನ ಕೈಮೇಲೆ ಚೆಲ್ಕಂಡ, ಅಲ್ಲಿ ಉರಿದು ಕೆಂಪಾತು. ಹುಳ ಚರ್ಮ ಕೊರೆದು ಒಳಗೆ ಹೋಗ್ತು ಹೇಳಿ ಹಂಗೆ ಕಂಡಿದ್ದು. ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ನಡೆದ್ರೆ ಕಾಲಿಂದ ಹೊಕ್ಕಿ, ಕರುಳಲ್ಲಿ ಕೂತು ರಕ್ತ ಹೀರ್ತು. ನಮ್ಮ ಹಳೇ ಹೆಂಗಸರಿಗೆ ಚಪ್ಪಲಿ ಇದ್ದಿದ್ದಿಲ್ಲೆ. ಬಾಣಂತಿಯರು ಬಿಳಿಚಿಕೊಂಡು, ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಿದ್ದ ಹೇಳಿ ಅತ್ತೆ ಹೇಳದು ಕೇಳಿದಾಗ ಎಲ್ಲದೂ ದೃಷ್ಟಿ ಅಲ್ಲ ಹೇಳಿ ಯಂಗೆ ಕಾಣ್ತು.

ಈಗ ತುಪ್ಪದ ಕಥೆ. ಮುರುಗಲು ಬೇಸಿಗೆ ಹಣ್ಣು. ಸಿಪ್ಪೆ ಸಾರಿಗೆ, ಶರಬತ್ತಿಗೆ. ಬೀಜ ಒಣಗಿಸಿ, ಸಿಪ್ಪೆ ಬಿಡಿಸಿ, ಕುಟ್ಟಿ, ನೀರಲ್ಲಿ ಕುದಿಸಿದ್ರೆ ಜಿಡ್ಡು ಮೇಲೆ ತೇಲ್ತು. ತಣಿದ ಮೇಲೆ ಎತ್ತಿ ಉಂಡೆ ಕಟ್ಟಿಡದು. ಉಪ್ಪಾಗೆ ಬೀಜಕ್ಕೂ ಹಂಗೆಯ. ಉಪ್ಪಾಗೆ ತುಪ್ಪದಲ್ಲಿ ದೋಸೆ ಎರೆದವರೂ ನಂಗಳ ಕಡೆ ಬೇಕಷ್ಟು ಜನ ಇದ್ದ. ಆದ್ರೆ ಅದು ಮಳೆಗಾಲದ ಹಣ್ಣು, ಒಲೆ ಮೇಲಿನ ಅಟ್ಟದಲ್ಲೇ ಒಣಗಿಸವು, ಕಟ್ಟಿಗೆ ಖರ್ಚು ರಾಶಿ. 1990ರ ದಶಕದಲ್ಲಿ ಬೊಜ್ಜು ಕರಗಿಸೋ ಔಷಧಕ್ಕೆ ಹೇಳಿ ಉಪ್ಪಾಗೆ ಸಿಪ್ಪೆಗೆ ರೇಟು ಬಂದಾಗ ಎಲ್ಲರ ಕಣ್ಣೂ ಸಿಪ್ಪೆ ಮೇಲೆ ಹೋತು. ಬೀಜ ಕುಟ್ಟೋ ಕೆಲಸ ಹೆಂಗಸರದ್ದು, ಅದಕ್ಕೆ ರೇಟು ಇದ್ದಿದ್ದಿಲ್ಲೆ.

ಮುರುಗಲನ್ನ ಹೊರಗಿನವರು ಪುಸ್ತಕಕ್ಕೆ ಸೇರಿಸಿ ಬಹಳ ಕಾಲ ಆತು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲೇ ಈ ಹುಳಿ ಹಣ್ಣಿನ ಬಗ್ಗೆ ಬರದ್ದ. 1868ರ 'ಫಾರ್ಮಕೊಪಿಯಾ ಆಫ್ ಇಂಡಿಯಾ' ಹೇಳೋ ಸರ್ಕಾರಿ ಔಷಧ ಗ್ರಂಥದಲ್ಲಿ ಮುರುಗಲ ತುಪ್ಪಕ್ಕೆ ಜಾಗ ಸಿಕ್ತು. ಮುಂದೆ 1890ರಲ್ಲಿ ಬಂದ ಡೈಮಾಕ್ ಮತ್ತವರ ಜೊತೆಗಾರರ ಪುಸ್ತಕದಲ್ಲಿ, ಪಶ್ಚಿಮ ಕರಾವಳಿ ಬದಿ ಜನ ಇದನ್ನ ಅರೆ ಕರಗಿಸಿ ಬಿರಿದ ಚರ್ಮಕ್ಕೆ ತಿಕ್ತ ಹೇಳಿ ಇದ್ದು. ನೋಡಿ, ಅರೆ ಕರಗಿಸಿ. ನಂಗ ಪೂರ್ತಿ ಕಾಸಿ ಎರಕ ಹೊಯ್ದ ಹಂಗೆ ಹೊಯ್ತ್ಯ. ಮೊನ್ನೆ ತಂಗಿ ಮಗಳು ಬೆಂಗಳೂರಿಂದ ತಂದ ಕಾಲಿನ ಕ್ರೀಮಿನ ಡಬ್ಬಿ ಹಿಂದೆ 'ಗಾರ್ಸೀನಿಯಾ ಇಂಡಿಕಾ' ಹೇಳಿ ಇದ್ದದ್ದೂ ನಂಗಳ ಮುರುಗಲೇ. ಅದಕ್ಕೆ ಹೇಳಿದ್ರೆ ನಂಬಿದ್ದಿಲ್ಲೆ, ಅಟ್ಟದಿಂದ ಉಂಡೆ ತಂದು ತೋರಿಸವಾತು.

ಕಾಸದು ಎಂತಕ್ಕೆ ಹೇಳಿದ್ರೆ, ಈ ತುಪ್ಪ ಕರಗದು ಸುಮಾರು 38ರಿಂದ 40 ಡಿಗ್ರಿಯಲ್ಲಿ. ಮೈ ಬಿಸಿಗಿಂತ ಒಂದು ಚೂರು ಮೇಲೆ. ಅದಕ್ಕೇ ಅಂಗೈಯಲ್ಲಿ ಹಿಡಿದ್ರೂ ಗಟ್ಟಿ, ಮಾಗಿಯ ತಣ್ಣನೆ ಕಾಲಿಗಂತೂ ಹತ್ತದೇ ಇಲ್ಲೆ. ದೀಪಕ್ಕೆ ಹಿಡಿದ್ರೆ ಎಷ್ಟು ಕಾಯ್ತು ಹೇಳಿ ಲೆಕ್ಕ ಸಿಕ್ಕದಿಲ್ಲೆ. ಅಮ್ಮನ ಕಾಲದಲ್ಲಿ ಲೆಕ್ಕ ಹೇಳ್ತಿದ್ದು ಕಾಲೇ. ಬಿಸಿ ಹೆಚ್ಚಾದ್ರೆ 'ಹಾ' ಹೇಳಿ ಎಳ್ಕಳದು. ಸಕ್ಕರೆ ಕಾಯಿಲೆ ಬಂದವರಿಗೆ ನರ ಹಾಳಾಗದು ಕಾಲ ತುದಿಯಿಂದಲೇ ಶುರು. ಅರಿವಿನ ಜೊತೆ ಬೆವರೂ ಕಡಿಮೆ ಆಗ್ತು, ಬೆವರಿಲ್ಲದ ಚರ್ಮ ಒಣಗಿ ಇನ್ನೂ ಒಡೀತು. ಒಡೆದಷ್ಟೂ ಅತ್ತೆ ತುಪ್ಪ ಕಾಸ್ತಿತ್ತು. ವೈದ್ಯರು ಒಂದು ನೈಲಾನ್ ದಾರ, 10 ಗ್ರಾಂ ಒತ್ತಡಕ್ಕೆ ಬಾಗದು, ಅಂಗಾಲಿಗೆ ಒತ್ತಿ ಒತ್ತಿ ಕೇಳಿದ. ಕಣ್ಣು ಮುಚ್ಚಿ ಕೂತ ಅತ್ತೆ ಒಂದು ಸರ್ತಿಯೂ 'ಹೂಂ' ಹೇಳಿದ್ದಿಲ್ಲೆ. ಶುರು ಮಾಡಿದ್ರ ಹೇಳಿ ಅದೇ ಕೇಳ್ಚು.

ಈಗ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅತ್ತೆ ಕಾಲು ಯನ್ನ ಕೆಲಸ. ಉಗುರು ಬೆಚ್ಚಗಿನ ನೀರು, ಅದನ್ನ ಯನ್ನ ಮೊಣಕೈಯಿಂದ ನೋಡ್ಕಂಡೇ ಹಾಕದು. ಕಲ್ಲಲ್ಲಿ ತಿಕ್ಕದು ಪೂರ್ತಿ ಬಿಟ್ಟಿದ್ಯ. ಬೆರಳ ಸಂದಿ ಹಳೇ ಪಂಚೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಬ್ಯಾಟರಿ ಬಿಟ್ಟು ಅಂಗಾಲು ಪೂರ್ತಿ ನೋಡ್ತಿ. ತುಪ್ಪ ಬಿಟ್ಟಿದ್ದಿಲ್ಲೆ. ಬಿಸಿಲಿಗೆ ಇಟ್ಟು ಕರಗಿಸಿ ಎರಡರಷ್ಟು ತೆಂಗಿನೆಣ್ಣೆ ಕೂಡಿಸಿಟ್ಟಿದ್ದಿ, ಚಳಿಯಲ್ಲೂ ಬೆಣ್ಣೆ ಹದ ಇರ್ತು, ದೀಪ ಬೇಡ. ಹಿಮ್ಮಡಿಗೆ, ಪಾದಕ್ಕೆ ಹಚ್ತಿ. ಸಂದಿಗೆ ಹಚ್ತಿಲ್ಲೆ, ಅಲ್ಲಿ ಜಿಡ್ಡು ನಿಂತ್ರೆ ಮತ್ತೆ ಅಲಸವೇಯ. ಮನೆ ಒಳಗೂ ಒಂದು ಜೊತೆ ಚಪ್ಪಲಿ ತಂದಿದ್ಯ. ದೇವರ ಕೋಣೆ ಹೊಸ್ತಿಲಲ್ಲಿ ಬಿಡ್ತು, ವಾಪಸ್ ಬರಕ್ಕಿದ್ರೆ ಮರೀತು, ಆನು ಹಿಂದಿಂದ ಕೂಗದು.

ಅದೇ ನೀರಲ್ಲಿ ಕೂತು ಆನೂ ಯನ್ನ ಕಾಲು ನೋಡ್ಕತ್ತಿ. ಅತ್ತೆಗೆ ಮಾತ್ರ ಇನ್ನೂ ಸಮಾಧಾನ ಇಲ್ಲೆ. "ತಣ್ಣಗಿನ ತುಪ್ಪ ಒಡಕಿಗೆ ಇಳೀತಿಲ್ಲೆ ಕೂಸೆ" ಹೇಳ್ತು.