ಔಗ್ಸ್‌ಬುರ್ಗಿನ ಫುಗ್ಗರೈ

ಹಸಿದವರಿಗೆ ಅನ್ನವನ್ನಿಕ್ಕುವ ಸತ್ರಗಳೂ ದಾರಿಗರು ತಂಗುವ ಛತ್ರಗಳೂ ಅನೇಕ ದೇಶಗಳ ಚರಿತ್ರೆಯಲ್ಲಿ ಕಾಣಬರುವುವು. ಆದರೆ ಗೃಹಸ್ಥನು ಬೀದಿಗೆ ಬೀಳುವುದಕ್ಕೆ ಮುಂಚೆಯೇ ಅವನನ್ನು ಕುಟುಂಬಸಮೇತವಾಗಿ ಎತ್ತಿಹಿಡಿಯುವ ಧರ್ಮಸಂಸ್ಥೆಗಳು ವಿರಳ. ದಕ್ಷಿಣ ಜರ್ಮನಿಯ ಔಗ್ಸ್‌ಬುರ್ಗ್ ನಗರದ ಫುಗ್ಗರೈ ಎಂಬ ಕೇರಿಯು ಅಂಥ ವಿರಳವಾದವುಗಳಲ್ಲೊಂದು.

ಯಾಕೋಬ್ ಫುಗ್ಗರನು (1459–1525) 1516ರಲ್ಲಿ ನಿವೇಶನವನ್ನು ಕೊಂಡು, 1521ರ ಆಗಸ್ಟ್ 23ರಂದು ತನ್ನ ಹೆಸರಿನಲ್ಲಿಯೂ ಗತಿಸಿದ ಸೋದರರಾದ ಉಲ್ರಿಖ್ ಮತ್ತು ಗೇಯೋರ್ಗರ ಹೆಸರಿನಲ್ಲಿಯೂ ಧರ್ಮಶಾಸನವನ್ನು ಬರೆಯಿಸಿದನು. ವಿಜಯನಗರದಲ್ಲಿ ಆಗ ಕೃಷ್ಣದೇವರಾಯನ ಆಳಿಕೆ. ತಾವು ತಪ್ಪುಮಾಡದೆಯೇ ಬಡತನಕ್ಕೆ ಬಿದ್ದ, ಕೈಯೊಡ್ಡಿ ಬೇಡದ, ಆ ಊರಿನ ಕೂಲಿಗಾರರಿಗೂ ಕಸಬುದಾರರಿಗೂ ಅಲ್ಲಿ ಎಡೆಯುಂಟು, ಭಿಕ್ಷುಕರಿಗಿಲ್ಲ. ಈ ಭೇದವು ಕಠಿನವೆಂದು ತೋರಬಹುದು. ಆದರೂ ಸಂಸ್ಥೆಯ ಮರ್ಮವೆಲ್ಲ ಇದರಲ್ಲಿಯೇ ಅಡಗಿದೆ. ಬಾಡಿಗೆ ವರ್ಷಕ್ಕೆ ಒಂದು ರೈನ್ ಗುಲ್ಡೆನ್. ಅದರ ಮೇಲೆ ದಾತೃವಂಶದ ಶ್ರೇಯಸ್ಸಿಗಾಗಿ ಪ್ರತಿದಿನ ಮೂರು ಪ್ರಾರ್ಥನೆಗಳು. ಬಾಡಿಗೆಯನ್ನು ತೆರುವವನು ದಾನವನ್ನು ಹಿಡಿದವನಲ್ಲ, ಒಕ್ಕಲು. ಪ್ರತಿಯೊಂದು ಬಿಡಾರಕ್ಕೂ ಬೀದಿಗೆ ತೆರೆಯುವ ಸ್ವಂತ ಬಾಗಿಲನ್ನಿಟ್ಟುದೂ ಆ ಮಾನವನ್ನು ಕಾಯುವುದಕ್ಕೇ ಎಂದು ಊಹಿಸಬಹುದು. ರೋಗಿಗಳಿಗಾಗಿ ಒಂದು ಚಿಕಿತ್ಸಾಗೃಹವೂ ಒಳಗೇ ಇದ್ದಿತು.

ಈ ಧನದ ಮೂಲವನ್ನು ಮರೆಯತಕ್ಕದ್ದಲ್ಲ. ಟಿರೋಲ್, ಹಂಗೆರಿಗಳ ಗಣಿಗಳಿಂದ ಬೆಳೆದ ಈ ಸಾಹುಕಾರನು 1519ರಲ್ಲಿ ಐದನೆಯ ಚಾರ್ಲ್ಸನ ಚಕ್ರವರ್ತಿಪದವಿಯ ಚುನಾವಣೆಗೆ ಐದು ಲಕ್ಷಕ್ಕೆ ಮಿಕ್ಕ ಗುಲ್ಡೆನ್ನುಗಳನ್ನು ಸಾಲವಾಗಿ ಸುರಿದನು. ಮರುವರ್ಷ ಲೂಥರನು ಫುಗ್ಗರರ ಬಾಯಿಗೆ ಕಡಿವಾಣ ಹಾಕಬೇಕೆಂದು ಬರೆದನು. ಕನ್ನಡನಾಡಿಗೂ ಆ ಹಣದ ನೆರಳು ತಾಗಿತ್ತು. 1505ರಲ್ಲಿ ಅಲ್ಮೇಡನ ಪೋರ್ತುಗೀಜ್ ನೌಕಾಪಡೆಯೊಡನೆ ಮೆಣಸಿಗಾಗಿ ಬಂದ ಜರ್ಮನ್ ವರ್ತಕರ ಹಡಗುಗಳಲ್ಲಿ ಫುಗ್ಗರರ ಬಂಡವಾಳವೂ ಇದ್ದಿತು. ಆ ಪಡೆಯು ಕಾರವಾರದ ಎದುರಿನ ಅಂಜದೀವದಲ್ಲಿ ಕೋಟೆಯನ್ನು ಕಟ್ಟಿ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟಿತು. ಫುಗ್ಗರೈಯನ್ನು ಶುದ್ಧ ಕರುಣೆಯೆನ್ನುವವರೂ ಬರಿಯ ಪಾಪಪರಿಹಾರದ ವ್ಯಾಪಾರವೆನ್ನುವವರೂ ಅರ್ಧವನ್ನೇ ನೋಡಿದವರು. ದಾತನು ತನ್ನ ಆತ್ಮಕ್ಕಾಗಿ ಲೆಕ್ಕವಿಟ್ಟನೆಂಬುದು ನಿಜ. ಒಕ್ಕಲುಗಳಿಗೆ ಸೂರು ದೊರೆತುದೂ ಅಷ್ಟೇ ನಿಜ.

ಸಂಗೀತಗಾರ ಮೊಟ್ಸಾರ್ಟನ ಮುತ್ತಾತನಾದ ಫ್ರಾಂಟ್ಸ್ ಎಂಬ ಗಾರೆಯವನು 1681ರಿಂದ 1694ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿದ್ದನು. ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನ ಸೈನ್ಯದಿಂದ ಕೇರಿಯು ಹಾಳಾಯಿತು. 1944ರ ಫೆಬ್ರವರಿ 25–26ರ ರಾತ್ರಿ ಬಾಂಬುಗಳಿಂದ ಬಹುಭಾಗ ಉರುಳಿತು. ಎರಡು ಸಲವೂ ಮತ್ತೆ ಕಟ್ಟಿದರು. ಸಂಸ್ಥೆಯ ಆದಾಯಕ್ಕೆ ಮುಖ್ಯಾಧಾರವು ಕಾಡುಗಳು. ನಾಣ್ಯಗಳು ಬದಲಾದರೂ ಮರವು ಬೆಳೆಯುತ್ತಲೇ ಇದ್ದುದರಿಂದ ಶಾಸನವು ನಿಂತಿತು.

ಈಗ ಅಲ್ಲಿ 67 ಮನೆಗಳಲ್ಲಿ ಸುಮಾರು 150 ಮಂದಿ ವಾಸಿಸುತ್ತಾರೆ. ಹಿಂದೆ ಮಕ್ಕಳೊಂದಿಗ ಕುಟುಂಬಗಳಿದ್ದ ಬಿಡಾರಗಳಲ್ಲಿ ಈಗ ಹೆಚ್ಚಾಗಿ ವೃದ್ಧರೂ ಒಂಟಿಗರೂ ಇದ್ದಾರೆ. ಗುಲ್ಡೆನ್ನಿಗೆ ಪ್ರತಿಯಾಗಿ ವಾರ್ಷಿಕ ಬಾಡಿಗೆ 88 ಸೆಂಟು. ರಾತ್ರಿ ಹತ್ತಕ್ಕೆ ಹೆಬ್ಬಾಗಿಲನ್ನು ಹಾಕುತ್ತಾರೆ. ತಡವಾಗಿ ಬಂದವರು ಕಾವಲುಗಾರನಿಗೆ ಅಲ್ಪ ಕಾಣಿಕೆಯನ್ನು ಕೊಟ್ಟು ಒಳಹೊಗುತ್ತಾರೆ.