ವಿದ್ಯಾರ್ಥಿಗೆ ಲ್ಯಾಪ್‌ಟಾಪೋ, ವಿದ್ಯಾರ್ಥಿಯ ಲ್ಯಾಪ್‌ಟಾಪೋ?

2005ರ ಆಗಸ್ಟ್ 16, ಮಂಗಳವಾರ. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಊರಿನ ಕಾರ್ ರೇಸ್ ಮೈದಾನದ ಮುಂದೆ ನಡುರಾತ್ರಿಯಿಂದಲೇ ಜನ ಸಾಲುಗಟ್ಟಿ ನಿಂತಿದ್ದರು. ರೇಸ್ ನೋಡೋಕ್ಕಲ್ಲ. ಹೆನ್ರೈಕೋ ಕೌಂಟಿಯ ಶಾಲಾ ಮಕ್ಕಳು ನಾಲ್ಕು ವರ್ಷ ಬಳಸಿ ಬಿಟ್ಟ ಒಂದು ಸಾವಿರ ಐಬುಕ್ ಲ್ಯಾಪ್‌ಟಾಪ್‌ಗಳನ್ನು ಅಲ್ಲಿ ತಲಾ 50 ಡಾಲರಿಗೆ ಮಾರುವವರಿದ್ದರು. ಆಗ ಹೊಸ ಐಬುಕ್ಕಿನ ಬೆಲೆ ಸಾವಿರ ಡಾಲರಿನ ಆಸುಪಾಸು. ಬೆಳಿಗ್ಗೆ ಏಳಕ್ಕೆ ಗೇಟು ತೆರೆದದ್ದೇ ತಡ, ಐದು ಸಾವಿರಕ್ಕೂ ಹೆಚ್ಚು ಜನ ನುಗ್ಗಿದರು. ಮಗುವಿನ ತಳ್ಳುಗಾಡಿಯೊಂದು ಕಾಲ್ತುಳಿತಕ್ಕೆ ಸಿಕ್ಕಿ ಅಪ್ಪಚ್ಚಿಯಾಯಿತು, ಒಬ್ಬ ಮಹಾಶಯ ಮಡಚುವ ಕುರ್ಚಿಯನ್ನೇ ಆಯುಧ ಮಾಡಿಕೊಂಡ, ಹದಿನೇಳು ಜನಕ್ಕೆ ಗಾಯ. ನಮ್ಮಲ್ಲಿ ಮೊದಲ ದಿನದ ಮೊದಲ ಶೋ ಟಿಕೆಟ್ಟಿಗೆ ಆಗೋದನ್ನು ಅವರು ಹಳೇ ಕಂಪ್ಯೂಟರಿಗೆ ಮಾಡಿ ತೋರಿಸಿದರು ಅನ್ನಿ :-)

ಈ ಸುದ್ದಿ ಓದಿ ಜಗತ್ತೆಲ್ಲಾ ನಕ್ಕಿತು. ಆದರೆ ನಕ್ಕವರು ಹೆಚ್ಚಾಗಿ ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ನಾಲ್ಕು ವರ್ಷ ಮಕ್ಕಳ ಕೈಯಲ್ಲಿದ್ದ ಆ ಲ್ಯಾಪ್‌ಟಾಪ್‌ಗಳು ಮಾರಾಟಕ್ಕೆ ಬಂದದ್ದಾದರೂ ಹೇಗೆ? ಅವು ಮಕ್ಕಳವಲ್ಲವಾ? 'ಪ್ರತಿ ವಿದ್ಯಾರ್ಥಿಗೂ ಲ್ಯಾಪ್‌ಟಾಪ್' ಅಂತ ಘೋಷಣೆಯಾದಾಗ ನಮ್ಮ ಕಿವಿಗೆ ಬೀಳೋದು ಚತುರ್ಥಿ ವಿಭಕ್ತಿ, ವಿದ್ಯಾರ್ಥಿ'ಗೆ'. ಕೊಟ್ಟರು, ಮುಗೀತು. ಅದು ಷಷ್ಠಿಗೆ ತಿರುಗಿ ವಿದ್ಯಾರ್ಥಿ'ಯ' ಲ್ಯಾಪ್‌ಟಾಪ್ ಆಗುತ್ತದಾ? ಮೂವತ್ತೈದು ವರ್ಷಗಳ ಈ ಕಥೆಯನ್ನು ಓದುತ್ತಾ ಹೋದರೆ ಯಂತ್ರ, ಬೆಲೆ, ಕಂಪನಿ ಇವೆಲ್ಲಕ್ಕಿಂತ ಈ ವಿಭಕ್ತಿಯ ಜಗಳವೇ ದೊಡ್ಡದು ಅಂತ ನನಗನ್ನಿಸಿದೆ. ಸ್ವಲ್ಪ ಹಿಂದಿನಿಂದ ನೋಡೋಣ.

ಕನಸು ಹುಟ್ಟಿದ್ದು ಅಮೆರಿಕದಲ್ಲೇ. ಸೆಮೂರ್ ಪ್ಯಾಪರ್ಟ್ ಎಂಬ ಗಣಿತಜ್ಞ ಮಕ್ಕಳಿಗಾಗಿ 1967ರಲ್ಲಿ 'ಲೋಗೋ' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಸಂಗಡಿಗರ ಜೊತೆ ಸೇರಿ ಮಾಡಿದರು. ಪರದೆಯ ಮೇಲೊಂದು ಆಮೆ. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಅಂದರೆ ಅದು ಚಿತ್ರ ಬಿಡಿಸುತ್ತದೆ. (ನಮ್ಮಲ್ಲೂ ಎಷ್ಟೋ ಜನರ ಕಂಪ್ಯೂಟರ್ ಪಾಠ ಶುರುವಾದದ್ದು ಈ ಆಮೆಯಿಂದಲೇ ಅಲ್ವಾ?) ಪ್ಯಾಪರ್ಟ್ ಅವರ ವಾದ ಸರಳ. ಕಂಪ್ಯೂಟರು ಮಗುವಿಗೆ ಪಾಠ ಹೇಳಿಕೊಡೋದಲ್ಲ, ಮಗುವೇ ಕಂಪ್ಯೂಟರಿಗೆ ಹೇಳಿಕೊಡಬೇಕು. ಅವರ ಕೆಲಸವನ್ನು ನೋಡಿ ಬಂದ ಆಲನ್ ಕೇ ಎಂಬ ವಿಜ್ಞಾನಿ, ಪುಸ್ತಕದ ಗಾತ್ರದ, ಮಗು ಹೊತ್ತುಕೊಂಡು ತಿರುಗಬಹುದಾದ 'ಡೈನಾಬುಕ್' ಎಂಬ ಕಂಪ್ಯೂಟರನ್ನು ಕಲ್ಪಿಸಿ 1972ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಕಂಪ್ಯೂಟರೆಂದರೆ ಕೋಣೆ ತುಂಬುವ ಬೀರುಗಳ ಸಾಲು ಅಂತಿದ್ದ ಕಾಲದಲ್ಲಿ! ಇಬ್ಬರ ಕನಸಿನಲ್ಲೂ ಯಂತ್ರ ಮಗುವಿನದೇ. ಪೆನ್ಸಿಲ್ ಹಾಗೆ. ಇಡೀ ತರಗತಿಗೆ ಒಂದೇ ಪೆನ್ಸಿಲ್ ಇಟ್ಟು ವಾರಕ್ಕೊಂದು ಗಂಟೆ ಸರದಿ ಕೊಟ್ಟರೆ ಯಾರು ಬರೆಯೋದು ಕಲಿತಾರು?

ಇದನ್ನು ನಿಜಕ್ಕೂ ಮಾಡಿದ ಮೊದಲಿಗರಲ್ಲಿ ಒಂದು, ಆಸ್ಟ್ರೇಲಿಯಾದ ಮೆಲ್ಬರ್ನಿನ ಮೆಥಡಿಸ್ಟ್ ಲೇಡೀಸ್ ಕಾಲೇಜ್. ಹೆಸರಲ್ಲಿ ಕಾಲೇಜ್ ಇದ್ದರೂ ಅದು ಹೆಣ್ಣುಮಕ್ಕಳ ಖಾಸಗಿ ಶಾಲೆ. ಪ್ರಾಂಶುಪಾಲ ಡೇವಿಡ್ ಲೋಡರ್ ಅವರ ಕಾಲದಲ್ಲಿ, 1990ರಲ್ಲಿ ಅಲ್ಲಿನ ಐದನೇ ತರಗತಿಯ ಹುಡುಗಿಯರ ಕೈಗೆ ಲ್ಯಾಪ್‌ಟಾಪ್ ಬಂತು. ಹುಡುಗಿಯರು ಅದರಲ್ಲಿ ಲೋಗೋ ಪ್ರೋಗ್ರಾಮ್ ಬರೆಯುತ್ತಿದ್ದರು. ಕೊಂಡವರು ಅಪ್ಪ-ಅಮ್ಮ, ಹಾಗಾಗಿ ಯಂತ್ರ ಯಾರದ್ದು ಅನ್ನೋ ಪ್ರಶ್ನೆಯೇ ಏಳಲಿಲ್ಲ. ಏಳದೇ ಇರೋದಕ್ಕೆ ಕಾರಣ ಶ್ರೀಮಂತಿಕೆ ಅನ್ನೋದನ್ನೂ ಮರೆಯಬಾರದು.

ಸರ್ಕಾರಿ ಶಾಲೆಯ ಎಲ್ಲಾ ಮಕ್ಕಳಿಗೆ ಕೊಡಬೇಕು ಅಂದಾಗಲೇ ಜಗಳ ಶುರು. ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ಅಂಥಾ ಸಿರಿವಂತ ರಾಜ್ಯವೇನಲ್ಲ. ಕಾಡು, ಕಾಗದದ ಗಿರಣಿ, ಮೀನುಗಾರಿಕೆಯ ನಾಡು. 2000ದಲ್ಲಿ ಬೊಕ್ಕಸದಲ್ಲಿ ಸುಮಾರು 7 ಕೋಟಿ ಡಾಲರ್ ಅನಿರೀಕ್ಷಿತವಾಗಿ ಉಳಿಯಿತು. ಗವರ್ನರ್ ಆಂಗಸ್ ಕಿಂಗ್ ಅದರಲ್ಲಿ ದೊಡ್ಡ ಪಾಲನ್ನು ಏಳನೇ ತರಗತಿಯ ಮಕ್ಕಳ ಲ್ಯಾಪ್‌ಟಾಪಿಗೆ ಇಡೋಣ ಅಂದರು. ಅವರ ಕಿವಿಯಲ್ಲಿ ಇದನ್ನು ಊದಿದ್ದು ಬೇರಾರೂ ಅಲ್ಲ, ಅಷ್ಟರಲ್ಲಿ ಮೇಯ್ನಿಗೇ ಬಂದು ನೆಲೆಸಿದ್ದ ಪ್ಯಾಪರ್ಟ್. ಮೂರು ಮಕ್ಕಳಿಗೊಂದು, ನಾಲ್ವರಿಗೊಂದು ಅಂತ ಲೆಕ್ಕ ಹಾಕಿದರೆ ಏನೂ ಬದಲಾಗಲ್ಲ, ಒಬ್ಬರಿಗೊಂದು ಅಂತಾದರೆ ಮಾತ್ರ ಅರ್ಥ ಅನ್ನೋದು ಅವರ ಪಟ್ಟು.

ಕಿಂಗ್ ಅವರ ಮೊದಲ ಪ್ರಸ್ತಾಪದಲ್ಲಿ ಲ್ಯಾಪ್‌ಟಾಪ್ ಮಗುವಿಗೆ ಖಾಯಂ. ಕೊಟ್ಟ ಮೇಲೆ ಅದು ಅವನದೇ, ಅವಳದೇ. ಜನ ಕೆಂಡಾಮಂಡಲವಾದರು. ಶಾಲೆಯ ಮಾಡು ಸೋರುತ್ತಿರುವಾಗ ಇದೆಂಥಾ ಶೋಕಿ? ಹನ್ನೆರಡು ವರ್ಷದ ಹುಡುಗ ಬೀಳಿಸಿದರೆ? ಮಾರಿಕೊಂಡರೆ? ಕೊನೆಗೆ ರಾಜಿಯಾಯಿತು. ಲ್ಯಾಪ್‌ಟಾಪ್ ಕೊಡೋಣ, ಆದರೆ ಮಗುವಿಗೆ ಕೈಗಡ. ಮನೆಗೆ ಒಯ್ಯಬಹುದೋ ಬೇಡವೋ ಅಂತ ಆಯಾ ಶಾಲೆ ತೀರ್ಮಾನಿಸಲಿ. ಆ ರಾಜಿಯಲ್ಲಿ ಷಷ್ಠಿ ವಿಭಕ್ತಿ ಸದ್ದಿಲ್ಲದೆ ಕೈಬಿಟ್ಟು ಹೋಯಿತು. ಆಪಲ್ ಕಂಪನಿಯ ಜೊತೆ ನಾಲ್ಕು ವರ್ಷಕ್ಕೆ 3.72 ಕೋಟಿ ಡಾಲರಿನ ಒಪ್ಪಂದವಾಗಿ, 2002ರಲ್ಲಿ ಸುಮಾರು ಹದಿನೇಳು ಸಾವಿರ ಏಳನೇ ತರಗತಿಯ ಮಕ್ಕಳಿಗೆ ಲ್ಯಾಪ್‌ಟಾಪ್ ತಲುಪಿತು. ಮರುವರ್ಷ ಎಂಟನೇ ತರಗತಿಗೂ ಬಂತು. ಹೈಸ್ಕೂಲಿಗೆ ಬರೋದು 2009ರವರೆಗೆ ತಡವಾಯಿತು. ಅದೂ ಪೂರ್ತಿಯಾಗಿ ಅಲ್ಲ. ರಾಜ್ಯ ದರ ಕುದುರಿಸಿ ಕೊಟ್ಟಿತು, ಮಕ್ಕಳ ಯಂತ್ರದ ಹಣ ಊರಿನವರದ್ದು. ಸುಮಾರು ಅರ್ಧದಷ್ಟು ಹೈಸ್ಕೂಲುಗಳು ಸೇರಿದವು. ಕೊಡಲು ಶಕ್ತಿಯಿಲ್ಲದ ಊರಿನ ಮಗು ಎಂಟನೇ ತರಗತಿ ಮುಗಿಸಿ ಯಂತ್ರ ಹಿಂತಿರುಗಿಸಿ ಒಂಬತ್ತಕ್ಕೆ ಬರಿಗೈಯಲ್ಲಿ ಹೋಯಿತು.

ಹೈಸ್ಕೂಲನ್ನೇ ಮೊದಲು ಹಿಡಿದದ್ದು ನಮ್ಮ ರಿಚ್ಮಂಡಿನ ಪಕ್ಕದ ಹೆನ್ರೈಕೋ ಕೌಂಟಿ. ಅಲ್ಲಿನ ಶಿಕ್ಷಣಾಧಿಕಾರಿ ಮಾರ್ಕ್ ಎಡ್ವರ್ಡ್ಸ್ 2001ರಲ್ಲಿ ಆಪಲ್ ಜೊತೆ 23,000 ಐಬುಕ್‌ಗಳ ಒಪ್ಪಂದ ಮಾಡಿಕೊಂಡರು. ಶಿಕ್ಷಣ ಕ್ಷೇತ್ರದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಲ್ಯಾಪ್‌ಟಾಪ್ ವ್ಯಾಪಾರ ಆಗಿರಲಿಲ್ಲ. ಶಾಲೆ ಶುರುವಾದಾಗ ಹೈಸ್ಕೂಲಿನ ಪ್ರತಿ ಮಗುವಿನ ಕೈಯಲ್ಲೂ ಬಿಳಿಯ ಐಬುಕ್.

ಹದಿನಾರು ವರ್ಷದವರ ಕೈಗೆ ಇಂಟರ್ನೆಟ್ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಆಟ, ಹಾಡು, ನೋಡಬಾರದ ಚಿತ್ರ. 2002ರ ಆರಂಭದಲ್ಲೇ ಲ್ಯಾಪ್‌ಟಾಪ್‌ಗಳನ್ನು ಹಿಂದಕ್ಕೆ ತರಿಸಿಕೊಂಡು ತಡೆಬೇಲಿ ಹಾಕಿ ಮತ್ತೆ ಕೊಟ್ಟರು. ಶಾಲೆಯ ದೃಷ್ಟಿಯಿಂದ ಇದು ತಪ್ಪೇನಲ್ಲ, ಹೆತ್ತವರಿಗೆ ಉತ್ತರ ಹೇಳಬೇಕಾದವರು ಅವರೇ ತಾನೆ? ಆದರೆ ಅಂದಿನಿಂದ ಯಂತ್ರ ಬೇರೆಯೇ ಆಯಿತು. ಪ್ಯಾಪರ್ಟ್ ಅವರ ಪೆನ್ಸಿಲ್ ಹೋಗಿ ಶಾಲೆಯ ಬೆಂಚು ಬಂತು. ಕೂರಬಹುದು, ಹೆಸರು ಕೆತ್ತುವಂತಿಲ್ಲ! ನಾಲ್ಕು ವರ್ಷದ ಅವಧಿ ಮುಗಿದಾಗ ಹೈಸ್ಕೂಲುಗಳು ಡೆಲ್ ಕಂಪನಿಗೆ ಬದಲಾದವು. ಮಕ್ಕಳ ಕೈಯಲ್ಲಿದ್ದ ಐಬುಕ್‌ಗಳಲ್ಲಿ ಒಂದು ಸಾವಿರ ರೇಸ್ ಮೈದಾನದ ಸೇಲಿಗೆ ಹೋದವು. ಆ ನೂಕುನುಗ್ಗಲು ಏನು ಹೇಳುತ್ತೆ ನೋಡಿ. ಮನೆಗೊಂದು ಕಂಪ್ಯೂಟರ್ ಬೇಕು ಅಂತ ನಡುರಾತ್ರಿ ಬಂದು ಕಾಯುವ ಸಾವಿರಾರು ಜನ ಅದೇ ಸೀಮೆಯಲ್ಲಿದ್ದರು.

ಆಮೇಲಿನ ವರ್ಷಗಳಲ್ಲಿ ನಿರಾಸೆಯ ಸುದ್ದಿಗಳೂ ಬಂದವು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಹತ್ತಿರದ ಲಿವರ್‌ಪೂಲ್ ಶಾಲೆಗಳು ಏಳು ವರ್ಷ ನಡೆಸಿ, ಕಲಿಕೆಯಲ್ಲಿ ಪ್ರಗತಿ ಕಾಣಲಿಲ್ಲವೆಂದು 2007ರಲ್ಲಿ ಯೋಜನೆಯನ್ನು ಹಂತಹಂತವಾಗಿ ಮುಚ್ಚಲು ನಿರ್ಧರಿಸಿದವು. ಪರೀಕ್ಷೆಯ ಉತ್ತರಗಳು ಲ್ಯಾಪ್‌ಟಾಪಿಂದ ಲ್ಯಾಪ್‌ಟಾಪಿಗೆ ಹಾರುತ್ತಿದ್ದವು, ಯಂತ್ರಗಳು ಕೆಡುತ್ತಿದ್ದವು, ಎಲ್ಲರೂ ಒಟ್ಟಿಗೆ ಕೂತರೆ ನೆಟ್‌ವರ್ಕ್ ಸತ್ತೇಹೋಗುತ್ತಿತ್ತು. ತಡೆಬೇಲಿಯನ್ನು ಮುರಿಯೋದು ಹೇಗೆ ಅಂತ ಒಬ್ಬ ಹತ್ತನೇ ತರಗತಿಯವನು ಎಲ್ಲರಿಗೂ ಹೇಳಿಕೊಟ್ಟ. (ಮಗುವೇ ಕಂಪ್ಯೂಟರಿಗೆ ಕಲಿಸಬೇಕು ಅಂದಿದ್ದ ಪ್ಯಾಪರ್ಟ್ ಅವರಿಗೆ ಈ ಹುಡುಗನನ್ನು ಕಂಡರೆ ಖುಷಿಯಾಗುತ್ತಿತ್ತೇನೋ.)

ಬೇಲಿ ಹಾಕೋದು ಒಂದು, ಕಿಂಡಿಯಿಂದ ಇಣುಕೋದು ಇನ್ನೊಂದು. ಫಿಲಡೆಲ್ಫಿಯಾ ಬಳಿಯ ಸಿರಿವಂತ ಬಡಾವಣೆ ಲೋವರ್ ಮೆರಿಯನ್. ಅಲ್ಲಿನ ಎರಡು ಹೈಸ್ಕೂಲುಗಳ ಸುಮಾರು 2,300 ಮಕ್ಕಳಿಗೆ ಮ್ಯಾಕ್‌ಬುಕ್ ಕೊಟ್ಟಿದ್ದರು. ಕಳುವಾದರೆ ಪತ್ತೆಹಚ್ಚಲು ದೂರದಿಂದಲೇ ಕ್ಯಾಮೆರಾ ಚಾಲೂ ಮಾಡುವ ತಂತ್ರಾಂಶವೊಂದು ಅದರಲ್ಲಿತ್ತು. 2009ರ ನವೆಂಬರಿನಲ್ಲಿ ಒಬ್ಬ ಹದಿನೈದರ ಹುಡುಗನನ್ನು ಕರೆದು, ನೀನು ಮನೆಯಲ್ಲಿ ಮಾತ್ರೆ ಹಿಡಿದುಕೊಂಡಿದ್ದೆಯಲ್ಲ ಅಂತ ಕೇಳಿದರಂತೆ. ಅವನ ಮನೆಯವರು ಹೇಳಿದ ಪ್ರಕಾರ ಅದು ಮಿಠಾಯಿ. ಆದರೆ ಪ್ರಶ್ನೆ ಮಾತ್ರೆಯೋ ಮಿಠಾಯಿಯೋ ಅನ್ನೋದಲ್ಲ, ಮಲಗುವ ಕೋಣೆಯೊಳಗಿನ ಚಿತ್ರ ಶಾಲೆಗೆ ಸಿಕ್ಕಿದ್ದು ಹೇಗೆ ಅನ್ನೋದು! 2010ರ ಫೆಬ್ರವರಿಯಲ್ಲಿ ಮೊಕದ್ದಮೆ ಹೂಡಿದರು. ತನಿಖೆಯಲ್ಲಿ ಹೊರಬಂದದ್ದು ಕ್ಯಾಮೆರಾದ್ದು ಮತ್ತು ಪರದೆಯದ್ದು ಸೇರಿ ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು. ಕ್ರಿಮಿನಲ್ ಕೇಸು ಆಗಲಿಲ್ಲ. ಅಕ್ಟೋಬರಿನಲ್ಲಿ 6,10,000 ಡಾಲರ್ ಕೊಟ್ಟು ಶಾಲೆಯವರು ರಾಜಿಯಾದರು. ಯಂತ್ರ ನಮ್ಮದು, ನಮ್ಮ ವಸ್ತುವನ್ನು ನಾವು ಹುಡುಕಿದೆವು ಅನ್ನುವ ತರ್ಕ ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ತೋರಿಸಿದ ಪ್ರಕರಣ ಇದು.

ಹಾಗಾದರೆ ಎಲ್ಲಾ ವ್ಯರ್ಥವಾ? ಅಲ್ಲ. ಮೇಯ್ನಿನಲ್ಲಿ ಎಂಟನೇ ತರಗತಿಯ ಬರವಣಿಗೆ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದವರು 2000ದಲ್ಲಿ ಶೇ. 29 ಇದ್ದರೆ 2005ಕ್ಕೆ ಶೇ. 41. ತಿದ್ದಿ ತಿದ್ದಿ ಬರೆಯೋದು ಸುಲಭವಾದರೆ ಬರಹ ಸುಧಾರಿಸುತ್ತೆ ಅನ್ನೋದು ಬ್ಲಾಗಿಗರಿಗೆ ಹೇಳಿಕೊಡಬೇಕೇ? ಗಣಿತ, ವಿಜ್ಞಾನದ ಅಂಕಗಳಲ್ಲಿ ಮಾತ್ರ ಅಂಥಾ ಜಿಗಿತ ಕಾಣಲಿಲ್ಲ. ಹೆನ್ರೈಕೋದ ಎಡ್ವರ್ಡ್ಸ್ ಕೂಡ ಕೈಚೆಲ್ಲಲಿಲ್ಲ. 2007ರಲ್ಲಿ ನಾರ್ತ್ ಕ್ಯಾರೊಲಿನಾದ ಮೂರ್ಸ್‌ವಿಲ್ ಎಂಬ ಊರಿಗೆ ಹೋಗಿ ಮತ್ತೆ ಅದೇ ಪ್ರಯತ್ನ ಮಾಡಿದರು. ಈ ಸಲ ಶಿಕ್ಷಕರ ತರಬೇತಿಗೆ ಒತ್ತು ಬಿತ್ತು, ಬಡ ಮಕ್ಕಳ ಮನೆಗೆ ಕಡಿಮೆ ದರದಲ್ಲಿ ಇಂಟರ್ನೆಟ್ ಬಂತು. 2008ರಲ್ಲಿ ಶೇ. 80 ಇದ್ದ ಹೈಸ್ಕೂಲು ಮುಗಿಸುವವರ ಪ್ರಮಾಣ 2011ಕ್ಕೆ ಶೇ. 91 ಆಯಿತು. ಇದಕ್ಕೆ ತೆತ್ತ ಬೆಲೆಯೂ ಇದೆ. 37 ಶಿಕ್ಷಕರೂ ಸೇರಿ 65 ಹುದ್ದೆಗಳನ್ನು ಕಡಿತಗೊಳಿಸಿದ್ದರು.

ನಮ್ಮ ಪಕ್ಕದ ತಮಿಳುನಾಡು ಈ ವಿಭಕ್ತಿಯ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿತು. 2011ರಲ್ಲಿ ಜಯಲಲಿತಾ ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೆರಡನೇ ತರಗತಿಯ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಲು ಶುರು ಮಾಡಿತು. ಅದು ಕೈಗಡ ಅಲ್ಲ, ಕೊಟ್ಟದ್ದು ಕೊಟ್ಟದ್ದೇ. ಓಟಿಗಾಗಿ ಅಂತ ಬೈದವರಿದ್ದರು, ಹುಡುಗರು ಮಾರಿಕೊಳ್ಳುತ್ತಿದ್ದಾರೆ ಅನ್ನೋ ಸುದ್ದಿಗಳೂ ಬಂದವು. ಎರಡೂ ನಿಜವಿರಬಹುದು. ಆದರೆ ಮೇಯ್ನಿನ ಶಾಸಕರು ಹೆದರಿ ಬಿಟ್ಟದ್ದನ್ನು ಇಲ್ಲಿ ಮಾಡಿದರು. ಮಾರಿಕೊಳ್ಳಲು ಸಾಧ್ಯವಿರುವ ವಸ್ತು ಮಾತ್ರ ತಾನೇ ನಿಜವಾಗಿ ನಮ್ಮದು? ಹಾಗೆ ಮಾರದೆ ಉಳಿದವು ಇಡೀ ಮನೆಯ ಮೊದಲ ಕಂಪ್ಯೂಟರ್ ಆಗಿ ಅಣ್ಣ, ತಂಗಿಯರಿಗೂ ದಕ್ಕಿದವು.

2011ರಲ್ಲಿ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್ ಅಮೆರಿಕದ ಶಾಲೆಗಳಲ್ಲಿ ಈ ಕಥೆಯನ್ನು ಇನ್ನೊಂದು ತುದಿಗೆ ಒಯ್ದಿತು. ಅಗ್ಗದ್ದು, ಎಲ್ಲವನ್ನೂ ಒಂದೇ ಕಡೆಯಿಂದ ನಿಯಂತ್ರಿಸಬಹುದು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಇಪ್ಪತ್ತು ವರ್ಷ ವಾದದಲ್ಲಿ ಕಳೆದದ್ದು ಕೆಲವೇ ತಿಂಗಳಲ್ಲಿ ಆಗಿಹೋಯಿತು, ಎಲ್ಲೆಲ್ಲೂ ಮಗುವಿಗೊಂದು ಯಂತ್ರ. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಕ್ಕಳು ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕಾರೊಳಗೆ ಕೂತು ಪಾಠ ಕೇಳಿದರು. ಮಗು ಯಾವ ಪುಟ ತೆರೆದಿದೆ ಅಂತ ನೋಡುವ ತಂತ್ರಾಂಶಗಳು ಮಾಮೂಲಾದವು. ಇನ್ನೊಂದು ವಿಚಿತ್ರವೆಂದರೆ ಯಂತ್ರ ಚೆನ್ನಾಗಿದ್ದರೂ ಕಂಪನಿ ಗೊತ್ತುಮಾಡಿದ ದಿನದ ಮೇಲೆ ಅದಕ್ಕೆ ಅಪ್‌ಡೇಟ್ ಇಲ್ಲ. ಗಲಾಟೆಯಾದ ಮೇಲೆ ಗೂಗಲ್ 2023ರಲ್ಲಿ ಆ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತು. ಅಂದರೆ ಮಗುವಿನದ್ದಲ್ಲದ ಯಂತ್ರ ಪೂರ್ತಿಯಾಗಿ ಶಾಲೆಯದ್ದೂ ಅಲ್ಲ!

ಪ್ಯಾಪರ್ಟ್ 2016ರಲ್ಲಿ ಮೇಯ್ನಿನಲ್ಲೇ ತೀರಿಕೊಂಡರು. ಲೆಕ್ಕ ನೋಡಿದರೆ ಅವರು ಕೇಳಿದ್ದು ಸಿಕ್ಕಿದೆ, ಒಬ್ಬರಿಗೊಂದು. ಆದರೆ ಬಿಚ್ಚಿ ನೋಡಬಹುದಾದ, ಕೆಡಿಸಿ ಕಲಿಯಬಹುದಾದ, ಪರೀಕ್ಷೆ ಮುಗಿದ ಮೇಲೂ ಜೊತೆಗಿರುವ ಯಂತ್ರ ಇನ್ನೂ ದುಡ್ಡಿದ್ದವರ ಮಕ್ಕಳಿಗೇ. ಉಳಿದವರಿಗೆ ಸಿಕ್ಕಿರೋದು ಕೈಗಡ, ಕಾವಲಿನ ಜೊತೆ. ಲ್ಯಾಪ್‌ಟಾಪ್ ಕೊಟ್ಟರೆ ಸಮಾನತೆ ಬರುತ್ತೆ ಅಂತ ಹೊರಟ ಯೋಜನೆಗಳು ಅಸಮಾನತೆಯನ್ನು ಯಂತ್ರದಿಂದ ತೆಗೆದು ಒಡೆತನದೊಳಗೆ ಬಚ್ಚಿಟ್ಟವು ಅಂತ ನನ್ನ ಅನಿಸಿಕೆ.

ಮುಂದಿನ ಸಲ ಯಾವುದಾದರೂ ಸರ್ಕಾರ 'ಪ್ರತಿ ವಿದ್ಯಾರ್ಥಿಗೂ' ಅಂತ ಘೋಷಿಸಿದಾಗ ಎಷ್ಟು ಕೋಟಿ, ಯಾವ ಕಂಪನಿ ಅಂತ ಕೇಳುವ ಜೊತೆಗೆ, ಶಾಲೆ ಬಿಟ್ಟ ಮಾರನೇ ದಿನ ಅದು ಯಾರ ಮನೆಯಲ್ಲಿರುತ್ತೆ ಅಂತಲೂ ಕೇಳೋಣ. ನೀವೇನಂತೀರಿ?